ಬಾಯಿ ಒಬ್ಬರದು, ದನಿ ಇನ್ನೊಬ್ಬರದು: ಮದರಾಸಿನ ಹುಸಿ ಗಾಯಕರು

ಹಾಡುಗಾರಿಕೆಯ ಪಂದ್ಯಕ್ಕೆ ಇಳಿಯುವ ಹುಸಿ ಗಾಯಕ ಮದರಾಸಿನ ನಾಟಕ ಮತ್ತು ಸಿನಿಮಾದ ಹಳೆಯ ನಗೆಪಾತ್ರಗಳಲ್ಲಿ ಒಬ್ಬ. ಮೈತುಂಬ ಚಿನ್ನ, ಬೆನ್ನಹಿಂದೆ ಶಿಷ್ಯರ ದಂಡು, ಹೆಸರಿಗಿಂತ ಉದ್ದವಾದ ಬಿರುದು, ಪರನಾಡಿನಿಂದ ಬಂದವನೆಂಬ ಠೇಂಕಾರ ಇವು ಅವನ ಒಂದು ಬಗೆ. ಸ್ವರಜ್ಞಾನ ಸೊನ್ನೆಯಾಗಿದ್ದರೂ ಇನ್ನೊಬ್ಬರ ದನಿಯನ್ನು ಮರೆಯಲ್ಲಿಟ್ಟುಕೊಂಡು ಕಣಕ್ಕೆ ಬರುವ ಪುಕ್ಕಲ ಎರಡನೆಯ ಬಗೆ. ಮೊದಲನೆಯವನು ಪುರಾಣ, ಐತಿಹ್ಯಗಳಿಂದ ಬಂದವನು. ಎರಡನೆಯವನನ್ನು ಸಿನಿಮಾ ಸಾಕಿತು. ಹಿನ್ನೆಲೆ ಗಾಯನವೇ ದೊಡ್ಡ ಕಸುಬಾಗಿ ಬೆಳೆದ ಊರಿನಲ್ಲಿ ಇಬ್ಬರೂ ಕೊನೆಗೆ ಒಂದೇ ಚಿತ್ರದಲ್ಲಿ ಎದುರುಬದುರಾದರು.

ಪಂದ್ಯದ ಕಲ್ಪನೆ ಸಿನಿಮಾಕ್ಕಿಂತ ಬಹಳ ಹಳೆಯದು. ಅರಸನ ಸಭೆಗೆ ಬಂದು ಸವಾಲೆಸೆಯುವ ವಾದಿ, ಅವನನ್ನು ಮಣಿಸುವ ಸ್ಥಳೀಯ ಎಂಬ ಚೌಕಟ್ಟು ದಕ್ಷಿಣದ ಎಲ್ಲ ಭಾಷೆಗಳಲ್ಲೂ ಇದೆ. ಕನ್ನಡದ ಶಾಸನಗಳಲ್ಲಿ ಬಿರುದಂತೆಂಬರ ಗಂಡರಿಗೆ ಬರವಿಲ್ಲ. ತಂಜಾವೂರಿನ ಐತಿಹ್ಯವೊಂದರಲ್ಲಿ ಬೊಬ್ಬಿಲಿ ಕೇಶವಯ್ಯನೆಂಬ ಗಾಯಕ ‘ಭೂಲೋಕ ಚಾಪಚುಟ್ಟಿ’ ಎಂದು, ಅಂದರೆ ಭೂಲೋಕವನ್ನೇ ಚಾಪೆಯಂತೆ ಸುತ್ತಿದವನೆಂದು, ಬಿರುದು ಹೊತ್ತು ಬರುತ್ತಾನೆ. ಶ್ಯಾಮಾಶಾಸ್ತ್ರಿಗಳು ಶರಭನಂದನವೆಂಬ ತೊಡಕಿನ ತಾಳ ಹಿಡಿದು ಅವನನ್ನು ಸೋಲಿಸುತ್ತಾರೆ. ಕಥೆ ಹೇಳುವವರು ಶಾಸ್ತ್ರಿಗಳ ತಾಳಕ್ಕೆ ಕೊಡುವಷ್ಟೇ ಸಮಯವನ್ನು ಕೇಶವಯ್ಯನ ಬಿರುದಿಗೂ ಕೊಡುತ್ತಾರೆ. ನಗೆ ಹುಟ್ಟುವುದು ಅಲ್ಲಿಯೇ. ಪರಂಜೋತಿ ಮುನಿವರ್ ಬರೆದ ತಿರುವಿಳೈಯಾಡಲ್ ಪುರಾಣದಲ್ಲಿ, ಮದುರೆಯ ಶಿವನ 64 ಲೀಲೆಗಳ ನಡುವೆ, ಇದೇ ಬಗೆಯ ಕಥೆ ಇನ್ನಷ್ಟು ಚಂದವಾಗಿದೆ. ಉತ್ತರದ ಹೇಮನಾಥ ವರಗುಣ ಪಾಂಡ್ಯನ ಆಸ್ಥಾನಕ್ಕೆ ಬರುತ್ತಾನೆ, ಅವನನ್ನು ಎದುರಿಸಬೇಕಾದ ಬಾಣಭದ್ರ ಹೆದರಿ ದೇವರ ಮೊರೆಹೋಗುತ್ತಾನೆ, ಶಿವ ಸೌದೆ ಮಾರುವವನ ವೇಷದಲ್ಲಿ ಹಾಡಿ ಪರನಾಡಿನ ಪಂಡಿತನನ್ನು ಊರುಬಿಟ್ಟು ಓಡಿಸುತ್ತಾನೆ.

ಇಂಥ ಕಥೆಗಳು ಹರಿಕಥೆಯ ವೇದಿಕೆಯಲ್ಲೂ ಕಂಪನಿ ನಾಟಕದ ಪರದೆಯ ಮುಂದೆಯೂ ಉಳಿದುಕೊಂಡವು. ನಾಟಕದಲ್ಲಿ ಬಫೂನ್ ಎಂದೇ ಕರೆಯುತ್ತಿದ್ದ ಹಾಸ್ಯಗಾರನ ಕೆಲಸಗಳಲ್ಲಿ ರಾಜಪಾರ್ಟಿನ ಹಾಡನ್ನು ಅಣಕಿಸುವುದೂ ಒಂದು. ಗ್ರಾಮಫೋನ್ ಬಂದ ಮೇಲೆ ಈ ಅಣಕ ಮಾರಾಟದ ಸರಕಾಯಿತು. ‘ಕಾಮಿಕ್’ ಎಂಬುದು ಪ್ಲೇಟುಗಳಲ್ಲಿ ಒಂದು ಬೇರೆಯೇ ವರ್ಗ. ಕೃತಿ, ಜಾವಳಿ, ನಾಟಕದ ಹಾಡುಗಳ ಪಕ್ಕದಲ್ಲೇ ಅದಕ್ಕೂ ಗಿರಾಕಿಗಳಿದ್ದರು. ಮುಂದೆ ಎವಿಎಂ ಸ್ಟುಡಿಯೋ ಕಟ್ಟಿದ ಎ. ವಿ. ಮೇಯಪ್ಪನ್ ಮೊದಲು ಕೈಹಾಕಿದ್ದು ಮದರಾಸಿನ ಸರಸ್ವತಿ ಸ್ಟೋರ್ಸ್ ಮೂಲಕ ಪ್ಲೇಟುಗಳ ವ್ಯಾಪಾರಕ್ಕೆ.

ಇದೇ ಹೊತ್ತಿಗೆ ನಗರದ ಸಂಗೀತವೂ ಹೊಸ ಗಾಂಭೀರ್ಯ ಪಡೆಯುತ್ತಿತ್ತು. 1927ರಲ್ಲಿ ಮದರಾಸಿನಲ್ಲಿ ಕಾಂಗ್ರೆಸ್ ಅಧಿವೇಶನದ ಜೊತೆ ನಡೆದ ಸಂಗೀತ ಸಮ್ಮೇಳನದ ಫಲವಾಗಿ 1928ರಲ್ಲಿ ಮ್ಯೂಸಿಕ್ ಅಕಾಡೆಮಿ ಹುಟ್ಟಿತು. ಡಿಸೆಂಬರಿನ ಕಚೇರಿಗಳ ಋತು ಬೇರೂರಿತು. ಗಾಂಭೀರ್ಯ ಎಲ್ಲಿ ಹೆಚ್ಚುತ್ತದೆಯೋ ಅಲ್ಲಿ ಅಣಕಕ್ಕೂ ಕೆಲಸ ಹೆಚ್ಚು. ‘ಆನಂದ ವಿಕಟನ್’ ಪತ್ರಿಕೆಯಲ್ಲಿ ಕಲ್ಕಿ ಕೃಷ್ಣಮೂರ್ತಿ ‘ಕರ್ನಾಟಕಂ’ ಎಂಬ ಹೆಸರಿನಲ್ಲಿ ಕಚೇರಿಗಳ ವಿಮರ್ಶೆ ಬರೆಯುತ್ತಿದ್ದರು. ವ್ಯಂಗ್ಯಚಿತ್ರಕಾರ ಮಾಲಿ ವಿದ್ವಾಂಸರ ಮುಖಭಂಗಿಗಳನ್ನು, ಆಲಾಪನೆಯ ನಡುವೆ ಗಾಳಿಯಲ್ಲಿ ಚಾಚಿದ ಕೈಯನ್ನು ನಾಲ್ಕಾರು ಗೆರೆಗಳಲ್ಲಿ ಹಿಡಿದರು. ಪಾಂಡಿತ್ಯದ ಮೈಭಾಷೆಯೇ ನಗೆಯ ಸಾಮಗ್ರಿ ಎಂಬುದನ್ನು ಓದುಗರು ಹೀಗೆ ಅಭ್ಯಾಸಮಾಡಿಕೊಂಡರು. ಸಿನಿಮಾ ಅದನ್ನು ಸಿದ್ಧ ಸರಕಾಗಿಯೇ ಪಡೆಯಿತು.

ಕನ್ನಡದಲ್ಲಿ ಇದೇ ಕಾಲದ ಅಣಕದ ಮೇರು ಟಿ. ಪಿ. ಕೈಲಾಸಂ. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದಿ ಲಂಡನ್ನಿಗೆ ಹೋದ ಕೈಲಾಸಂ ಆಂಗ್ಲರ ಜನಪ್ರಿಯ ಹಾಡುಗಳ ಧಾಟಿಗೆ ಹಳ್ಳಿಗನ ಕನ್ನಡ ತುಂಬಿದರು. ಟಿಪ್ಪರೇರಿಯ ಹಾಡು ತಿಪ್ಪಾರಳ್ಳಿಯ ಹಾಡಾಯಿತು. ‘ಕೋಳೀಕೆ ರಂಗ’ ಇಂದಿಗೂ ಶಾಲಾ ವಾರ್ಷಿಕೋತ್ಸವಗಳಲ್ಲಿ ಕೇಳುತ್ತದೆ. ಅಂತರರಾಷ್ಟ್ರೀಯ ಪಾಪ್ ಗೀತೆಯನ್ನು ಲೇವಡಿಮಾಡುವ ಕೆಲಸದಲ್ಲಿ ಕನ್ನಡ ಯಾರಿಗೂ ಹಿಂದೆ ಬಿದ್ದಿರಲಿಲ್ಲ.

ತಮಿಳು ತೆರೆಯ ಮೇಲೆ ಈ ವಿದ್ಯೆಯ ಆದಿಗುರು ಎನ್. ಎಸ್. ಕೃಷ್ಣನ್. ನಾಟಕ ಕಂಪನಿಯಿಂದ ಬಂದ ಎನ್ನೆಸ್ಕೆ ತನ್ನ ಹಾಡುಗಳನ್ನು ತಾನೇ ಹಾಡುತ್ತಿದ್ದರು, ಜೊತೆಗೆ ಟಿ. ಎ. ಮಧುರಂ. 1949ರ ‘ನಲ್ಲ ತಂಬಿ’ ಚಿತ್ರದ ‘ಕಿಂದನಾರ್’ ಕಾಲಕ್ಷೇಪ ಅವರ ಅಣಕಗಳಲ್ಲಿ ಎಲ್ಲಕ್ಕಿಂತ ಹೆಸರಾದದ್ದು. ಗೋಪಾಲಕೃಷ್ಣ ಭಾರತಿಯ ‘ನಂದನಾರ್ ಚರಿತ್ರಂ’ ಹರಿಕಥೆಯಲ್ಲಿ ಅಸ್ಪೃಶ್ಯ ಭಕ್ತ ನಂದನ ಚಿದಂಬರದ ನಟರಾಜನ ದರ್ಶನಕ್ಕೆ ಹಂಬಲಿಸುತ್ತಾನೆ. ಉಡುಮಲೈ ನಾರಾಯಣ ಕವಿ ಬರೆದ ಎನ್ನೆಸ್ಕೆ ಹರಿಕಥೆಯಲ್ಲಿ ಕಿಂದನ ಹಂಬಲಿಸುವುದು ವಿದ್ಯೆಗೆ. ಅವನು ಹೊರಡುವುದು ಗುಡಿಗಲ್ಲ, ಪಟ್ಟಣಕ್ಕೆ. ಹರಿದಾಸರ ನಿಲುವು, ತಾಳ, ನಡುವೆ ಉಪಕಥೆಗೆ ಜಾರುವ ಚಾಳಿ ಎಲ್ಲವೂ ಹರಿಕಥೆಯದೇ. ಬದಲಾದದ್ದು ಮಾತು ಮಾತ್ರ. ಒಂದು ಪ್ರಕಾರವನ್ನು ಅಣಕಿಸಬೇಕಾದರೆ ಅದನ್ನು ಶ್ರುತಿ ತಪ್ಪದೆ ಹಾಡಲು ಬರಬೇಕೆಂಬ ನಿಯಮವನ್ನು ಮದರಾಸಿನ ಮುಂದಿನ ನಗೆಗಾರರೆಲ್ಲ ಇಲ್ಲಿಂದಲೇ ಕಲಿತಂತೆ ಕಾಣುತ್ತದೆ.

ಎನ್ನೆಸ್ಕೆ ಹೀಗೆ ಸ್ವಂತ ದನಿಯಲ್ಲಿ ಹಾಡುತ್ತಿದ್ದಾಗ ನಾಯಕ ನಾಯಕಿಯರ ದನಿ ಕೈಬದಲಾಗುತ್ತಿತ್ತು. ಮೇಯಪ್ಪನ್ ಅವರ ‘ನಂದಕುಮಾರ್’ (1938) ಚಿತ್ರದಲ್ಲಿ ನಟಿಯೊಬ್ಬರಿಗಾಗಿ ಲಲಿತಾ ವೆಂಕಟರಾಮನ್ ಹಾಡಿದ್ದನ್ನು ತಮಿಳಿನ ಮೊದಲ ಹಿನ್ನೆಲೆ ಗಾಯನವೆಂದು ಎಣಿಸುವುದು ವಾಡಿಕೆ. ಆ ಚಿತ್ರದ ಬಾಲಕೃಷ್ಣನ ಪಾತ್ರದಲ್ಲಿದ್ದ ಹುಡುಗ ಟಿ. ಆರ್. ಮಹಾಲಿಂಗಂ ಮಾತ್ರ ಸ್ವಂತ ಕಂಠದ ಗಾಯಕನಟ. ಈ ಹೆಸರು ಮುಂದೆ ಮತ್ತೆ ಬರುತ್ತದೆ. 1950ರ ದಶಕಕ್ಕೆ ಬರುವಾಗ ಕೋಡಂಬಾಕ್ಕಂ, ವಡಪಳನಿಯ ಧ್ವನಿಮುದ್ರಣ ಕೋಣೆಗಳಲ್ಲಿ ದಿನಬೆಳಗಾದರೆ ತಮಿಳು, ತೆಲುಗು, ಕನ್ನಡ, ಮಲಯಾಳದ ಬಾಯಿಗಳಿಗೆ ದನಿ ಎರವಲು ಕೊಡುವ ಕೆಲಸ. ಕನ್ನಡ ಚಿತ್ರರಂಗದ ಬಹುಪಾಲು ಆಗ ಅಲ್ಲಿಯೇ ಇತ್ತು. ಬಿ. ಎಸ್. ರಂಗಾ ವಿಕ್ರಂ ಸ್ಟುಡಿಯೋ ನಡೆಸುತ್ತಿದ್ದರು, ಬಿ. ಆರ್. ಪಂತುಲು ಪದ್ಮಿನಿ ಪಿಕ್ಚರ್ಸ್ ಕಟ್ಟಿದ್ದರು. ದನಿ ಎರವಲು ಎಷ್ಟು ಸಹಜವಾಯಿತೆಂದರೆ, ಸ್ವಂತವಾಗಿ ಹಾಡುವವರು ಹೆಚ್ಚಾಗಿ ಹಾಸ್ಯಗಾರರೇ ಎಂಬಂತಾಯಿತು. ತೂತ್ತುಕುಡಿಯ ಜೆ. ಪಿ. ಚಂದ್ರಬಾಬು ಪಾಶ್ಚಾತ್ಯ ಧಾಟಿಯ ಹಾಡುಗಳನ್ನು, ಆಲ್ಪ್ಸ್ ಬೆಟ್ಟದ ದನಗಾಹಿಗಳಂತೆ ಗಂಟಲನ್ನು ಮೇಲಕ್ಕೂ ಕೆಳಕ್ಕೂ ಎಗರಿಸುವ ಯೋಡೆಲಿಂಗ್ ಸೇರಿಸಿ, ತಾವೇ ಹಾಡಿ ಕುಣಿದರು.

ನಾಯಕನ ಎರವಲು ದನಿಯನ್ನೇ ಹಾಸ್ಯವಾಗಿಸುವ ಕಥೆ ಬಂದದ್ದು ಬಂಗಾಳದಿಂದ. ಅರುಣ್ ಚೌಧರಿಯವರ ಕಥೆ ಆಧರಿಸಿದ ‘ಪಾಶೇರ್ ಬಾಡಿ’ (1952) ಮರುವರ್ಷವೇ ತೆಲುಗಿನಲ್ಲಿ ‘ಪಕ್ಕಿಂಟಿ ಅಮ್ಮಾಯಿ’ ಆಯಿತು. ಪಕ್ಕದ ಮನೆಯ ಹುಡುಗಿಗೆ ಸಂಗೀತವೆಂದರೆ ಪ್ರಾಣ, ಇವನಿಗೆ ಸರಿಗಮ ಬಾರದು. ಗೆಳೆಯ ಮರೆಯಲ್ಲಿ ನಿಂತು ಹಾಡುತ್ತಾನೆ, ಇವನು ಕಿಟಕಿಯಲ್ಲಿ ಕೂತು ತುಟಿ ಆಡಿಸುತ್ತಾನೆ. ತೆಲುಗಿನಲ್ಲಿ ತುಟಿ ಆಡಿಸಿದವರು ರೇಲಂಗಿ, ಮರೆಯ ಗಾಯಕನಾಗಿ ತೆರೆಯ ಮೇಲೆ ಬಂದವರು ನಿಜಜೀವನದ ಹಿನ್ನೆಲೆ ಗಾಯಕ ಎ. ಎಂ. ರಾಜಾ. ಕಸುಬೇ ಪಾತ್ರವಾಗಿ ಎದುರು ಬಂದು ನಿಂತಿತ್ತು. 1960ರಲ್ಲಿ ಇದೇ ಕಥೆ ತಮಿಳಿನಲ್ಲಿ ‘ಅಡುತ್ತ ವೀಟ್ಟುಪ್ ಪೆಣ್’ ಆಯಿತು. ಎರಡರಲ್ಲೂ ನಾಯಕಿ ಅಂಜಲಿದೇವಿ. ತಮಿಳು ಚಿತ್ರಕ್ಕೆ ಆದಿನಾರಾಯಣ ರಾವ್ ಸಂಗೀತದಲ್ಲಿ ಹಾಡಿ ಹೆಸರಾದ ಪಿ. ಬಿ. ಶ್ರೀನಿವಾಸ್ ಕನ್ನಡಿಗರಿಗೆ ರಾಜ್‌ಕುಮಾರ್ ದನಿಯೆಂದೇ ಪರಿಚಿತರು. ಅವರ ಹೆಸರಿನ ಮೊದಲೆರಡು ಅಕ್ಷರಗಳ ವಿಸ್ತಾರ ‘ಪ್ರತಿವಾದಿ ಭಯಂಕರ’. ವಾದಕ್ಕೆ ಬಂದವರನ್ನು ನಡುಗಿಸಿದ ಹಿರಿಯರ ಬಿರುದು ಹೊತ್ತ ಮನೆತನದ ಈ ಮೃದುಕಂಠದ ಮನುಷ್ಯ ಮದರಾಸಿನ ನಾಲ್ಕೂ ಭಾಷೆಗಳ ಪ್ರೇಮಿಗಳ ಪರವಾಗಿ ಹಾಡುತ್ತಾ ಬಾಳಿದರು.

ಕಥೆ ಬೊಂಬಾಯಿಗೆ ಹೋಗಿ ‘ಪಡೋಸನ್’ (1968) ಆದಾಗ ನಗೆಯ ಬಾಣ ಮದರಾಸಿನ ಕಡೆಗೇ ತಿರುಗಿತು. ಹುಡುಗಿಗೆ ಸಂಗೀತ ಕಲಿಸುವ ಮಾಸ್ಟರ್ ಪಿಳ್ಳೈ ಪಾತ್ರದಲ್ಲಿ ಮೆಹಮೂದ್: ಪಂಚೆ, ಜುಟ್ಟು, ಮದರಾಸಿ ಹಿಂದಿ. ಎರಡು ಕಿಟಕಿಗಳ ನಡುವೆ ನಡೆಯುವ ಪಂದ್ಯದಲ್ಲಿ ಈಚೆ ಸುನಿಲ್ ದತ್ ತುಟಿ ಆಡಿಸುತ್ತಾರೆ, ಮರೆಯಲ್ಲಿ ಕಿಶೋರ್ ಕುಮಾರ್ ಹಾಡುತ್ತಾರೆ. ಆಚೆ ಪಿಳ್ಳೈ ಸ್ವರ, ಗಮಕ, ಶಾಸ್ತ್ರ ಎಲ್ಲವನ್ನೂ ಸುರಿಯುತ್ತಾನೆ. ಎದುರಾಳಿ ಧಾಟಿ ಬಿಟ್ಟು ಧಾಟಿಗೆ ಹಾರಿದಾಗ ಪಿಳ್ಳೈ ಸ್ವರದ ಜಾಡು ತಪ್ಪಿ ತಬ್ಬಿಬ್ಬಾಗುತ್ತಾನೆ, ಆಟದ ನಿಯಮವೇ ಮುರಿಯಿತೆಂಬಂತೆ ಗೊಣಗುತ್ತಾನೆ. ಪಿಳ್ಳೈಗೆ ದನಿ ಕೊಟ್ಟವರು ಮನ್ನಾ ಡೇ. ಆ ಕಾಲದ ಹಿಂದಿ ಗಾಯಕರಲ್ಲಿ ಶಾಸ್ತ್ರೀಯ ತರಬೇತಿ ಚೆನ್ನಾಗಿ ಇದ್ದವರು. ಸೋಲುವವನ ಪಾತ್ರಕ್ಕೆ ಹೆಚ್ಚು ಕಲಿತ ಕಂಠ ಬೇಕಾಯಿತು. ಅಂದಹಾಗೆ, ಆ ಪಂದ್ಯ ಗೆದ್ದ ಕಿಶೋರ್ ಕುಮಾರ್ ಕನ್ನಡಕ್ಕೆ ಹಾಡಿದ್ದು ಹಾಸ್ಯನಟ ದ್ವಾರಕೀಶರಿಗೆ. ಪತ್ತೇದಾರಿ ಚಿತ್ರಗಳ ಲೇವಡಿಯಾದ ‘ಕುಳ್ಳ ಏಜೆಂಟ್ 000’ (1972) ಅದಕ್ಕೆ ನೆಪ.

ಪಡೋಸನ್‌ಗೆ ಮೂರು ವರ್ಷ ಮೊದಲೇ ಮದರಾಸು ತನ್ನ ಅತ್ಯುತ್ತಮ ಹುಸಿ ಸ್ಪರ್ಧಿಗಳನ್ನು ತೆರೆಗೆ ತಂದಿತ್ತು. ಎ. ಪಿ. ನಾಗರಾಜನ್ ನಿರ್ದೇಶನದ ‘ತಿರುವಿಳೈಯಾಡಲ್’ (1965) ಪುರಾಣದ ಕೆಲವು ಲೀಲೆಗಳನ್ನು ಪೋಣಿಸಿದ ಚಿತ್ರ. ಶಿವನಾಗಿ ಶಿವಾಜಿ ಗಣೇಶನ್, ಸಂಗೀತ ಕೆ. ವಿ. ಮಹಾದೇವನ್. ಭಕ್ತಿಚಿತ್ರವೆಂದು ಹೋದ ಜನ ನೆನಪಿಟ್ಟುಕೊಂಡು ಬಂದದ್ದು ಇಬ್ಬರು ಸ್ಪರ್ಧಿಗಳನ್ನು.

ಮೊದಲನೆಯವನು ಧರುಮಿ, ಬಡ ಕವಿ. ಪಾಂಡ್ಯರಾಜನ ಸಂಶಯ ತೀರಿಸುವ ಪದ್ಯಕ್ಕೆ ಸಾವಿರ ಹೊನ್ನಿನ ಬಹುಮಾನ ಸಾರಿದ್ದಾರೆ. ಧರುಮಿಗೆ ಪದ್ಯ ಹೊಸೆಯಲು ಬಾರದು, ಹೊನ್ನು ಮಾತ್ರ ಬೇಕು. ಗುಡಿಯಲ್ಲಿ ತನ್ನಷ್ಟಕ್ಕೆ ತಾನೇ ಗೋಳಾಡುತ್ತಾ, ಬಹುಮಾನ ಬಂದೇಬಿಟ್ಟಿತೆಂದು ಹಿಗ್ಗುತ್ತಾ, ಮರುಕ್ಷಣ ಕುಗ್ಗುತ್ತಾ ಅಲೆಯುವ ಅವನಿಗೆ ಕವಿಯ ವೇಷದ ಶಿವ ಎದುರಾಗುತ್ತಾನೆ. ಸಿದ್ಧ ಪದ್ಯ ಕೊಡುತ್ತೇನೆಂದರೆ ಧರುಮಿಗೆ ಅನುಮಾನ. ಈ ಮನುಷ್ಯನಿಗೆ ನಿಜವಾಗಿ ಕವಿತೆ ಬರುತ್ತದೆಯೇ ಎಂದು ಪರೀಕ್ಷಿಸಲು ಪ್ರಶ್ನೆಗಳ ಮಳೆ ಸುರಿಸುತ್ತಾನೆ. ಉತ್ತರಗಳು ಅದಕ್ಕಿಂತ ವೇಗವಾಗಿ ಬರುತ್ತವೆ. ಪದ್ಯ ಹಿಡಿದು ಆಸ್ಥಾನಕ್ಕೆ ಹೋದವನಿಗೆ ಅರಸ ತಲೆದೂಗುತ್ತಾನೆ, ಚಿನ್ನದ ಗಂಟಿಗೆ ಕೈ ಚಾಚುವಷ್ಟರಲ್ಲಿ ಆಸ್ಥಾನದ ಕವಿ ನಕ್ಕೀರ ಅಡ್ಡ ಬರುತ್ತಾನೆ: ಪದ್ಯದಲ್ಲಿ ಅರ್ಥದೋಷವಿದೆ, ವಿವರಿಸು. ಬೇರೆಯವರ ಸರಕನ್ನು ತಂದವನು ಏನು ವಿವರಿಸಿಯಾನು? ಧರುಮಿಯ ಮುಖದಲ್ಲಿ ಆಸೆ, ಭಯ, ಅವಮಾನ ಒಂದರ ಹಿಂದೊಂದು ಓಡುತ್ತವೆ. ಆ ಮುಖ ನಾಗೇಶ್ ಅವರದು. ಧಾರಾಪುರದ ಕನ್ನಡ ಮಾತನಾಡುವ ಮಾಧ್ವ ಕುಟುಂಬದಲ್ಲಿ ಗುಂಡೂರಾವ್ ಎಂಬ ಹೆಸರಿನಿಂದ ಹುಟ್ಟಿ, ರೈಲ್ವೆಯಲ್ಲಿ ಕೆಲಸಮಾಡಿ, ಹವ್ಯಾಸಿ ನಾಟಕದಿಂದ ಬಂದವರು. ನಕ್ಕೀರನಾಗಿ ಎದುರು ನಿಂತವರು ಸ್ವತಃ ನಿರ್ದೇಶಕ ನಾಗರಾಜನ್. ಚಿತ್ರದಲ್ಲಿ ನಾಗೇಶ್ ಇರುವುದು ಕೆಲವೇ ನಿಮಿಷ. ಆದರೂ ತಮಿಳು ಹಾಸ್ಯದ ಯಾವ ಪಟ್ಟಿಯೂ ಧರುಮಿಯನ್ನು ಬಿಟ್ಟು ಆಗುವುದಿಲ್ಲ.

ಎರಡನೆಯವನು ಹೇಮನಾಥ ಭಾಗವತರ್. ಟಿ. ಎಸ್. ಬಾಲಯ್ಯ ಈ ಪಾತ್ರವನ್ನು ಕಟ್ಟಿದ ರೀತಿಯಲ್ಲಿ ಮಾಲಿಯ ಗೆರೆಗಳು ಎದ್ದುಬಂದು ನಡೆದಂತಿದೆ. ಮೈತುಂಬ ಒಡವೆ, ಅತ್ತಿತ್ತ ಶಿಷ್ಯರು, ಮುಖದಲ್ಲಿ ಎದುರಿಗಿರುವ ನಾಡೇ ತನ್ನ ಹಾಡಿಗೆ ಸಾಲದೆಂಬ ಬೇಸರ. ಆಸ್ಥಾನದಲ್ಲಿ ಅವನು ಹಾಡುವ ಹಾಡು ರಾಗಮಾಲಿಕೆ. ಮಾಂಡ್, ತೋಡಿ, ದರ್ಬಾರ್, ಮೋಹನ, ಕಾನಡ ರಾಗಗಳು ಸಾಲಾಗಿ ಬರುತ್ತವೆ, ಕಣ್ಣದಾಸನ್ ಆಯಾ ರಾಗದ ಹೆಸರನ್ನು ಸಾಹಿತ್ಯದೊಳಗೇ ಹೆಣೆದಿದ್ದಾರೆ. ಜಂಬದ ಈ ಹಾಡಿಗೆ ದನಿ ಮಂಗಳಂಪಳ್ಳಿ ಬಾಲಮುರಳಿಕೃಷ್ಣರದು. ನಗೆಪಾತ್ರದ ಬಾಯಲ್ಲಿ ಆ ಕಾಲದ ದೊಡ್ಡ ವಿದ್ವಾಂಸರೊಬ್ಬರ ನಿಜವಾದ ಸಂಗೀತ ಹೊರಡುವುದರಿಂದಲೇ ದೃಶ್ಯಕ್ಕೆ ಬಿಗಿ. ಹೇಮನಾಥ ಕೆಟ್ಟದಾಗಿ ಹಾಡಿದ್ದರೆ ಅವನ ಸೋಲಿಗೆ ಬೆಲೆಯೇ ಇರುತ್ತಿರಲಿಲ್ಲ. ಇದೇ ಬಾಲಮುರಳಿ ಹತ್ತು ವರ್ಷದ ಬಳಿಕ ಜಿ. ವಿ. ಅಯ್ಯರ್ ಅವರ ‘ಹಂಸಗೀತೆ’ಯಲ್ಲಿ ಚಿತ್ರದುರ್ಗದ ಗಾಯಕ ವೆಂಕಟಸುಬ್ಬಯ್ಯನ ಪಾತ್ರಕ್ಕೆ ಹಾಡಿ ರಾಷ್ಟ್ರಪ್ರಶಸ್ತಿ ಪಡೆದರು, ಅಹಂಕಾರಿಯ ಕಂಠ ಮತ್ತು ವೈರಾಗ್ಯದ ಕಂಠ ಎರಡೂ ಒಂದೇ.

ಬಾಣಭದ್ರನ ಪರವಾಗಿ ಸೌದೆ ಮಾರುವ ಶಿವ ಹೇಮನಾಥ ಇಳಿದುಕೊಂಡ ಮನೆಯ ಜಗಲಿಯಲ್ಲಿ ರಾತ್ರಿ ಹಾಡುತ್ತಾನೆ. ತೆರೆಯ ಮೇಲೆ ಹಾಡುವವನೂ ಶಿವಾಜಿ, ವೀಣೆ ನುಡಿಸುವವನೂ ಶಿವಾಜಿ, ಮೃದಂಗದವನೂ ಅವರೇ. ಕಚೇರಿಯ ಪಕ್ಕವಾದ್ಯವನ್ನೆಲ್ಲ ಒಬ್ಬನೇ ನಟ ತುಂಬಿದ ಈ ಕ್ಯಾಮೆರಾ ಚಮತ್ಕಾರವನ್ನು ಇಂದು ಭಕ್ತಿಯೆಂದು ನೋಡುವವರಿದ್ದಾರೆ, ಲೀಲೆಯಲ್ಲೂ ಒಂದು ತುಂಟತನವೆಂದು ನೋಡುವವರೂ ಇದ್ದಾರೆ. ಎರಡನೆಯವರ ಮಾತೇ ಸರಿ ಇರಬೇಕು. ಹಾಡು ಕೇಳಿದ ಹೇಮನಾಥ ಯಾರಪ್ಪಾ ನೀನು ಎಂದು ವಿಚಾರಿಸುತ್ತಾನೆ. ಬಾಣಭದ್ರನ ಬಳಿ ಕಲಿಯಲು ಹೋಗಿ ಲಾಯಕ್ಕಿಲ್ಲವೆಂದು ತಿರಸ್ಕೃತನಾದವನು ಎಂಬ ಉತ್ತರ ಬರುತ್ತದೆ. ಬೆಳಗಾಗುವುದರೊಳಗೆ ಭಾಗವತರು ಗಂಟುಮೂಟೆ ಕಟ್ಟುತ್ತಾರೆ.

ಈ ಪಂದ್ಯದ ದನಿಗಳ ಲೆಕ್ಕ ಸ್ವಾರಸ್ಯವಾಗಿದೆ. ಸೋತ ಹೇಮನಾಥನ ದನಿ ಬಾಲಮುರಳಿಯವರದು, ಗೆದ್ದ ಶಿವನ ದನಿ ಟಿ. ಎಂ. ಸೌಂದರರಾಜನ್ ಅವರದು. ಹಾಡಲು ಧೈರ್ಯ ಸಾಲದೆ ದೇವರನ್ನು ಕಳಿಸಿಕೊಟ್ಟ ಬಾಣಭದ್ರ ಮಾತ್ರ ಸ್ವಂತ ದನಿಯಲ್ಲಿ ಹಾಡುತ್ತಾನೆ, ಏಕೆಂದರೆ ಆ ಪಾತ್ರದಲ್ಲಿರುವವರು ‘ನಂದಕುಮಾರ್’ನ ಅದೇ ಟಿ. ಆರ್. ಮಹಾಲಿಂಗಂ. ಬದಲಿ ಆಳು ಬೇಕಾದವನು ಕಥೆಯೊಳಗೆ ಅವನೊಬ್ಬ, ಬೇಡವಾಗಿದ್ದವನು ಸ್ಟುಡಿಯೋದಲ್ಲಿ ಅವನೊಬ್ಬ.

ಎರವಲು ದನಿಯ ಈ ಗುಟ್ಟು ಪ್ರೇಕ್ಷಕರಿಗೆ ಗೊತ್ತಿರಲಿಲ್ಲವೆಂದಲ್ಲ. ಹಿಂದಿನ ವರ್ಷವೇ ‘ಸರ್ವರ್ ಸುಂದರಂ’ ಚಿತ್ರದ ಹಾಡೊಂದರಲ್ಲಿ ಎವಿಎಂ ಅದನ್ನು ತೆರೆದು ತೋರಿಸಿತ್ತು. ಸಂಗೀತ ನಿರ್ದೇಶಕ ಎಂ. ಎಸ್. ವಿಶ್ವನಾಥನ್ ಕೈಬೀಸಿ ವಾದ್ಯವೃಂದ ನಡೆಸುತ್ತಾರೆ, ಸೌಂದರರಾಜನ್ ಮೈಕಿನ ಮುಂದೆ ಹಾಡುತ್ತಾರೆ, ಹಾಡಿಗೆ ತುಟಿ ಕೂಡಿಸಿ ಕುಣಿಯುವವರು ಮತ್ತೆ ನಾಗೇಶ್. ಹೋಟೆಲಿನ ಮಾಣಿ ಸಿನಿಮಾ ನಟನಾಗುವ ಕಥೆಯಲ್ಲಿ ಇದಕ್ಕಿಂತ ಚೆನ್ನಾದ ಪರಿಹಾಸ ಬೇಕಿರಲಿಲ್ಲ.

ಪಂದ್ಯದ ಗಂಭೀರ ರೂಪವೂ ಜೊತೆಯಲ್ಲೇ ಬೆಳೆದು ಅಣಕಕ್ಕೆ ಮೇವು ಒದಗಿಸಿತು. ಜೆಮಿನಿ ವಾಸನ್ ಅವರ ‘ವಂಜಿಕೋಟ್ಟೈ ವಾಲಿಬನ್’ (1958) ಚಿತ್ರದಲ್ಲಿ ವೈಜಯಂತಿಮಾಲಾ ಮತ್ತು ಪದ್ಮಿನಿ ನಡುವಿನ ನೃತ್ಯಸ್ಪರ್ಧೆಯ ಮಧ್ಯೆ ಖಳ ಪಿ. ಎಸ್. ವೀರಪ್ಪ ಸರಿಯಾದ ಪೈಪೋಟಿ ಎಂದು ಗುಡುಗುವ ಮಾತು ತಮಿಳರ ನಿತ್ಯದ ಗಾದೆಯಾಯಿತು. ಮದುವೆಮನೆಯ ಊಟದ ಪಂದ್ಯಕ್ಕೂ ಅದು ಒಪ್ಪುತ್ತದೆ. ‘ತಿಲ್ಲಾನಾ ಮೋಹನಾಂಬಾಳ್’ (1968) ನಾಗಸ್ವರ ಮತ್ತು ನೃತ್ಯದ ಪಂದ್ಯದ ಕಥೆ. ಅದರಲ್ಲಿ ಮನೋರಮಾ ಮಾಡಿದ ಜಿಲ್ ಜಿಲ್ ರಮಾಮಣಿ ಎಂಬ ಊರೂರು ಅಲೆಯುವ ನಾಟಕದವಳು ದೊಡ್ಡ ಕಲಾವಿದರ ನಡುವೆ ನುಗ್ಗಿ ಎಲ್ಲರ ಗಾಂಭೀರ್ಯವನ್ನೂ ಕಲಕಿಬಿಡುತ್ತಾಳೆ. ಅಲ್ಲಿ ಅವಳ ಹಾಡಿಗೆ ದನಿ ಎಲ್. ಆರ್. ಈಶ್ವರಿಯವರದು. ಅದೇ ವರ್ಷ ‘ಬೊಮ್ಮಲಾಟ್ಟಂ’ ಚಿತ್ರದಲ್ಲಿ ಮದರಾಸಿನ ಗಲ್ಲಿಯ ಭಾಷೆಯ ಹಾಡನ್ನು ಮನೋರಮಾ ತಾವೇ ಹಾಡಿದರು.

ಕನ್ನಡದಲ್ಲಿ ಬಾಯಿ ಮತ್ತು ದನಿ ಕೂಡಿಕೊಂಡ ಗಳಿಗೆ 1974ರದು. ಗುಬ್ಬಿ ಕಂಪನಿಯಲ್ಲಿ ಹಾಡುತ್ತಲೇ ಬೆಳೆದ, ಸಿನಿಮಾದಲ್ಲಿ ಆಗೊಮ್ಮೆ ಈಗೊಮ್ಮೆ ಹಾಡಿದ್ದ ರಾಜ್‌ಕುಮಾರ್ ‘ಸಂಪತ್ತಿಗೆ ಸವಾಲ್’ ಚಿತ್ರದಲ್ಲಿ ಜಿ. ಕೆ. ವೆಂಕಟೇಶ್ ಸಂಗೀತಕ್ಕೆ ಎಮ್ಮೆಯ ಮೇಲೆ ಕೂತು ಹಾಡಿದರು. ಅಲ್ಲಿಂದಾಚೆ ಅವರು ಹೆಚ್ಚಾಗಿ ಸ್ವಂತ ದನಿಯಲ್ಲೇ ಹಾಡಿದರು. ಇಷ್ಟು ದೊಡ್ಡ ತಿರುವು ಹಾಸ್ಯದ ಹಾಡಿನಲ್ಲಿ ಬಂದದ್ದು ಕಾಕತಾಳೀಯವಾಗಿದ್ದರೂ ಮದರಾಸಿನ ವಾಡಿಕೆಗೆ ತಕ್ಕುದಾಗಿಯೇ ಇತ್ತು.

ಹೊರಜಗತ್ತಿನಲ್ಲಿ ಈ ಬಗೆಯ ಪಾತ್ರಗಳಿಗೆ ದೊಡ್ಡ ವೇದಿಕೆ ಯೂರೋಪಿನ ಯೂರೋವಿಷನ್ ಗೀತಸ್ಪರ್ಧೆ. 1956ರಲ್ಲಿ ಲುಗಾನೋ ನಗರದಲ್ಲಿ 7 ದೇಶಗಳೊಂದಿಗೆ ಶುರುವಾದ ಅದನ್ನು 1996ರಲ್ಲಿ ‘ಫಾದರ್ ಟೆಡ್’ ಹಾಸ್ಯಮಾಲೆಯ ಇಬ್ಬರು ಪಾದ್ರಿಗಳು ಕುದುರೆಯೊಂದನ್ನು ಕುರಿತ ಹಾಡಿನಿಂದ ಗೇಲಿಮಾಡಿದರು. 2004ರಲ್ಲಿ ಆಸ್ಟ್ರೇಲಿಯಾದ ವಿನೋದಕಾರರು ಭೂಪಟದಲ್ಲೇ ಇಲ್ಲದ ಮೊಲ್ವಾನಿಯಾ ದೇಶಕ್ಕೆ ಜ್ಲಾಡ್ ಎಂಬ ಸ್ಪರ್ಧಿಯನ್ನು ಸೃಷ್ಟಿಸಿದರು. 2006ರಲ್ಲಿ ಐಸ್‌ಲ್ಯಾಂಡ್ ಸಿಲ್ವಿಯಾ ನೈಟ್ ಎಂಬ ಕಲ್ಪಿತ ತಾರೆಯನ್ನು, 2008ರಲ್ಲಿ ಐರ್ಲೆಂಡ್ ಒಂದು ಟರ್ಕಿಕೋಳಿಯ ಬೊಂಬೆಯನ್ನು ನಿಜವಾದ ಸ್ಪರ್ಧೆಗೇ ಕಳಿಸಿದವು. ಅಲ್ಲಿನ ನಗೆ ದೇಶಗಳ ಸೋಗಿನ ಮೇಲೆ, ಬಟ್ಟೆಬರೆಯ ಮೇಲೆ. ಮದರಾಸಿನದು ಕಂಠದ ಮೇಲೆ.

1990ರ ದಶಕದಿಂದ ಪಂದ್ಯ ಕಿರುತೆರೆಗೆ ಬಂತು. ಎಸ್. ಪಿ. ಬಾಲಸುಬ್ರಹ್ಮಣ್ಯಂ ತೆಲುಗಿನಲ್ಲಿ ‘ಪಾಡುತಾ ತೀಯಗಾ’, ಆಮೇಲೆ ಕನ್ನಡದಲ್ಲಿ ‘ಎದೆ ತುಂಬಿ ಹಾಡುವೆನು’ ನಡೆಸಿಕೊಟ್ಟರು. 2006ರಲ್ಲಿ ಚೆನ್ನೈನ ವಿಜಯ್ ಟಿವಿ ‘ಸೂಪರ್ ಸಿಂಗರ್’ ಆರಂಭಿಸಿತು. ಅದೇ ವಾಹಿನಿ ‘ಲೊಳ್ಳು ಸಭಾ’ ಕಾರ್ಯಕ್ರಮದಲ್ಲಿ ತಮಿಳು ಚಿತ್ರಗಳನ್ನೆಲ್ಲ ಒಂದೊಂದಾಗಿ ಲೇವಡಿಗೆ ಎಳೆಯುತ್ತಿತ್ತು. ಸಂತಾನಂ ಬೆಳಕಿಗೆ ಬಂದದ್ದು ಅಲ್ಲಿಂದಲೇ. ಆ ಹಾದಿಯ ದೊಡ್ಡ ಫಲ 2010ರ ‘ತಮಿಳ್ ಪಡಂ’. ಸಿ. ಎಸ್. ಅಮುದನ್ ನಿರ್ದೇಶಿಸಿದ ಈ ಚಿತ್ರದ ಯುಗಳಗೀತೆಗೆ ಸಾಹಿತ್ಯವೇ ಇಲ್ಲ. ತಮಿಳು ಚಿತ್ರಗೀತೆಗಳಲ್ಲಿ ಲಯ ತುಂಬಲು ಹಾಕಿದ ಅರ್ಥವಿಲ್ಲದ ಪದಗಳನ್ನೇ ಆಯ್ದು ಕಟ್ಟಿದ ಹಾಡು ಅದು. ಹಾಡಿದವರು ಮಾತ್ರ ಪ್ರೇಮಗೀತೆಯ ಎಲ್ಲ ನಯದೊಂದಿಗೆ ಹಾಡಿದ್ದಾರೆ.

ಕಿಟಕಿಯ ಮರೆಯ ಗಾಯಕನ ಕಥೆ ಬಂಗಾಳ ಬಿಟ್ಟು ಅರ್ಧ ಶತಮಾನವಾದ ಮೇಲೆ, 2004ರಲ್ಲಿ, ರಾಘವೇಂದ್ರ ರಾಜ್‌ಕುಮಾರ್ ನಟಿಸಿದ ‘ಪಕ್ಕದ್ಮನೆ ಹುಡುಗಿ’ಯಾಗಿ ಕನ್ನಡಕ್ಕೆ ಬಂತು. ಅಷ್ಟರಲ್ಲಿ ಕನ್ನಡ ಸಿನಿಮಾ ಮದರಾಸನ್ನು ಬಿಟ್ಟು ಬೆಂಗಳೂರಿಗೆ ಬಂದು ನೆಲೆಸಿ ಬಹಳ ಕಾಲವಾಗಿತ್ತು.